ಕೊರಳಿಗೆ ತಕ್ಕ ಮೈಕು

ಜೂನ್ 2

ಗಂಟಲೊಳಗಿನ ಗಂಟು ತೆಗೆಸಿಕೊಂಡು ಇಂದಿಗೆ ಐದು ದಿನ. ಇನ್ನೂ ಎರಡು ವಾರ ತುಟಿ ಪಿಟಕ್ಕೆನ್ನುವಂತಿಲ್ಲ ಎಂದಿದ್ದಾರೆ ಡಾಕ್ಟರಮ್ಮ. ಪಿಸುಮಾತೂ ಇಲ್ಲ, ಗುನುಗುವುದೂ ಇಲ್ಲ. ಇವರು ಇನ್ನೂರು ಪುಟದ ನೋಟ್‌ಬುಕ್ ತಂದುಕೊಟ್ಟು, "ಏನು ಬೈಬೇಕು ಅನ್ಸುತ್ತೋ ಇದ್ರಲ್ಲಿ ಬರೆದು ತೋರ್ಸು" ಎಂದರು. ಮುಂದಿನ ಪುಟಗಳನ್ನು ಚೀಟಿಗೆಂದು ಹರಿಯುತ್ತಿದ್ದೇನೆ. ಹಿಂದಿನ ಪುಟಗಳು ನನಗೆ.

ಇಪ್ಪತ್ತಾರು ವರ್ಷ ನಮ್ಮ ನಾಟಕ ಕಂಪನಿಯಲ್ಲಿ ಹಾಡಿದ್ದೇನೆ. ಮುನ್ನೂರು ಕುರ್ಚಿಯ ರಂಗಮಂದಿರದಲ್ಲಿ ಕರೆಂಟು ಹೋದರೂ ಕೊನೆಯ ಸಾಲಿಗೆ ನನ್ನ ದನಿ ಮುಟ್ಟುತ್ತಿತ್ತು. ಮೈಕು ನನ್ನ ಪಾಲಿಗೆ ಕೈಗೊಂದು ಆಭರಣ ಅಷ್ಟೆ. ಇನ್ನು ಹಾಗಲ್ಲವಂತೆ. "ದನಿ ಎಸೆಯೋ ಕೆಲಸ ಮೈಕಿಗೆ ಬಿಡಿ, ನೀವು ಬರೀ ಹಾಡಿ" ಎಂದರು ಡಾಕ್ಟರಮ್ಮ. ಅದೂ ಸಾಲದೆಂಬಂತೆ ಕಂಪನಿಯ ನಾಟಕ, ಸಂಗೀತ ಎರಡನ್ನೂ ನೋಡಿಕೊಳ್ಳುವ ಇವರು ಹೊಸ ನಾಟಕದಲ್ಲಿ ಹಾಡುಗಾರ್ತಿಯನ್ನು ಮೆಟ್ಟಿಲಿಳಿಸಿ ಪ್ರೇಕ್ಷಕರ ನಡುವೆ ನಡೆಸುತ್ತಿದ್ದಾರೆ. ವೈರು ಎಳೆದುಕೊಂಡು ನಡೆದರೆ ಮೂರನೇ ಸಾಲಿನವರ ಕಾಲಿಗೆಲ್ಲ ಗಂಟು ಬೀಳುತ್ತದೆ. ಆದ್ದರಿಂದ ವೈರಿಲ್ಲದ ಕೈಮೈಕು ಬೇಕು. ಆಗಸ್ಟ್ ಒಂಬತ್ತಕ್ಕೆ ಮೊದಲ ಪ್ರದರ್ಶನ. ಅಂದು ನಾನು ಹಾಡಲೇಬೇಕು. ಅದೊಂದೇ ಗುರಿ ಇಟ್ಟುಕೊಂಡು ಬಾಯಿ ಮುಚ್ಚಿದ್ದೇನೆ.

ಜೂನ್ 5

ಅತ್ತೆಗೆ ಕಿವಿ ಮಂದ, ಸೊಸೆಗೆ ಬಾಯಿ ಬಂದ್. ನಾನು ಚೀಟಿ ಬರೆದರೆ ಅವರ ಕನ್ನಡಕ ಸಿಗುವುದಿಲ್ಲ. "ಇಷ್ಟು ವರ್ಷ ಕಿವಿ ಕೇಳ್ಸಲ್ಲ ಅಂತ ಬೇಜಾರಿತ್ತು ಕಣೇ. ಈಗ ಕಳ್ಕೊಂಡಿದ್ದೇನೂ ಇಲ್ಲ ಅನ್ಸುತ್ತೆ" ಎಂದು ಕಿಸಕ್ಕನೆ ನಕ್ಕರು. ನಕ್ಕರೆ ಗಂಟಲ ಗಾಯ ಬಿಚ್ಚೀತೆಂದು ನಾನು ದಿಂಬು ಕಚ್ಚಿಕೊಂಡೆ. ಆದರೆ ಮೂರು ಹೊತ್ತೂ ಬಿಸಿನೀರಿನ ಲೋಟ ನನ್ನ ಪಕ್ಕಕ್ಕೆ ಬರುವುದು ಅವರ ಕೈಯಿಂದಲೇ. ಈ ವಯಸ್ಸಿನಲ್ಲಿ ಮೆಟ್ಟಿಲು ಹತ್ತಿ ಬರುತ್ತಾರೆ. ಅವರ ಋಣ ದೊಡ್ಡದು.

ಮಧ್ಯಾಹ್ನ 'ಕಿವಿ' ಬಂದಿದ್ದ. ಕಂಪನಿಯ ಸೌಂಡಿನವನು, ಬಲ್ಬು ಸುಡುವ ಮೊದಲೇ ಅದರ ಗುಂಯ್‌ಗುಟ್ಟುವಿಕೆ ಕೇಳಿ ಹೇಳುತ್ತಾನೆಂದು ಆ ಹೆಸರು. ಕಣ್ಣು ಮಾತ್ರ ಅಷ್ಟಕ್ಕಷ್ಟೆ. ಮೇಜಿನ ಮೇಲೆ ಪೆನ್ಸಿಲ್ ಇಟ್ಟು ನನಗೆ ಪಾಠ ಹೇಳಿದ. "ನೋಡಕ್ಕ, ಇದು ಮೈಕು ಅನ್ಕೋ. ತಲೆ ದನಿ ಹಿಡಿಯುತ್ತೆ. ಬಾಲ ಅದನ್ನ ಗಾಳೀಲಿ ಕಳ್ಸುತ್ತೆ. ನನ್ನ ಹತ್ರ ಇರೋ ಪೆಟ್ಟಿಗೆ ಅದನ್ನ ಹಿಡ್ಕೊಳುತ್ತೆ. ಮೂರರಲ್ಲಿ ಒಂದು ಸರಿಯಿಲ್ದೇ ಇದ್ರೂ ಕಥೆ ಮುಗೀತು." ಅಂಗಡಿಯವರು ಮೂರು ಸೆಟ್ ನೋಡಲು ಕೊಡುತ್ತಾರಂತೆ. ತಿಂಗಳ ಕೊನೆಯೊಳಗೆ ಒಂದನ್ನು ಹೇಳಬೇಕು. ತರಿಸಲು ಮೂರು ವಾರ ಹಿಡಿಯುತ್ತದೆ.

"ನಾನು ಹಾಡುವಂತಿಲ್ಲವಲ್ಲ, ಹೇಗೆ ನೋಡೋದು?" ಎಂದು ಚೀಟಿ ಬರೆದೆ.

ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ನಾದಿನಿ ಕೂತಿದ್ದಳು. ಕಂಪನಿಯ ಬಟ್ಟೆಬರೆ ನೋಡಿಕೊಳ್ಳುವವಳೂ ಅವಳೇ, ಹದಿನೆಂಟು ವರ್ಷದಿಂದ ನನ್ನ ಹಿಂದೆ ನಿಂತು ಕೋರಸ್ ಹಾಡುವವಳೂ ಅವಳೇ. ಕಿವಿ ಅವಳ ಕಡೆ ನೋಡಿದ. ಇವರೂ ನೋಡಿದರು. ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ನಾನಾ? ಅತ್ತಿಗೆ ಹಾಡೋ ಹಾಗೆ ಹಾಡಿ ತೋರಿಸ್ಬೇಕು ಅಷ್ಟೇ ತಾನೆ?" ಎಂದಳು. ಹೌದೆಂದು ತಲೆಯಾಡಿಸಿದೆ. ಆಪತ್ತಿಗಾದವಳೇ ನೆಂಟಳು.

ಜೂನ್ 8

ಮೊದಲ ಸೆಟ್. ನಾನು ಕೊನೆಯ ಸಾಲಿನಲ್ಲಿ ಕೂತೆ. ಇಪ್ಪತ್ತಾರು ವರ್ಷದಲ್ಲಿ ಆ ಕುರ್ಚಿಗಳ ಮೇಲೆ ನಾನು ಕೂತದ್ದೇ ಇಲ್ಲ. ಒಂದರ ಸ್ಪ್ರಿಂಗು ಚುಚ್ಚುತ್ತದೆ. ಜನ ಪಾಪ ಅದರ ಮೇಲೆ ಕೂತು ನನ್ನನ್ನು ಕೇಳಿದ್ದಾರೆ.

ನಾದಿನಿ ಎರಡು ಸಾಲು ಹಾಡಿದ್ದಳು, ಸ್ಪೀಕರುಗಳಿಂದ ಗಂಡುದನಿಯೊಂದು ಹೊರಟಿತು: "ಎಲ್ರೂ ಹನ್ನೆರಡನೇ ಪುಟ ತೆಗೀರಿ." ಪಕ್ಕದ ಕಟ್ಟಡದಲ್ಲಿ ಯಾವುದೋ ತರಬೇತಿ ನಡೆಯುತ್ತಿದೆ, ಅವರದೂ ಇದೇ ಬಗೆಯ ಮೈಕು. ನಾದಿನಿ ಗಾಬರಿಯಲ್ಲಿ ಕೈಯಲ್ಲಿದ್ದ ಹಾಡಿನ ಪುಸ್ತಕದ ಹನ್ನೆರಡನೇ ಪುಟ ತೆಗೆದೇಬಿಟ್ಟಳು. ಇವರು ಕೀಬೋರ್ಡಿನ ಮೇಲೆ ತಲೆಯಿಟ್ಟು ನಕ್ಕರು.

ಕಿವಿ ಬೇರೆ ಫ್ರೀಕ್ವೆನ್ಸಿ ಹುಡುಕಿ ಅದನ್ನು ಸರಿಮಾಡಿದ. ಆಮೇಲೆ ಹೊಸ ಕಾಟ. ಹಾಡು ನಡುನಡುವೆ ತುಂಡಾಗುತ್ತದೆ, ಚರ್ ಎನ್ನುತ್ತದೆ. ಈ ಸೆಟ್ ಬೇಡ ಎಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದೆ.

ಜೂನ್ 10

ಎರಡನೆಯದೂ ತುಂಡಾಗುತ್ತದೆ. ಹಿಂದಿನದಕ್ಕಿಂತ ಹೆಚ್ಚು.

ಜೂನ್ 12

ಮೂರನೆಯ ಸೆಟ್ಟೂ ಅದೇ ರಾಗ. ನನ್ನ ಕೋಪ ನೆತ್ತಿಗೇರಿತು. ಬಾಯಿಲ್ಲದವರ ಕೋಪ ಕೈಗೆ ಇಳಿಯುತ್ತದೆ. ಅಂಗಡಿಯವರಿಗೆ ಒಂದೂವರೆ ಪುಟ ಬರೆದೆ. ಕಳಪೆ ಮಾಲು, ಕಣ್ಣಿಗೆ ಮಣ್ಣು, ಎಲ್ಲ ಸೇರಿಸಿದೆ. ಓದಿದ ಇವರು, "ಇದನ್ನ ಕೊಟ್ರೆ ಅವ್ರು ಅಂಗಡಿ ಮುಚ್ಕೊಂಡು ಹೋಗ್ತಾರೆ, ಆಮೇಲೆ ಮೈಕು ಎಲ್ಲಿ ತರೋದು?" ಎಂದು ಜೇಬಿಗೆ ಹಾಕಿಕೊಂಡರು.

ಕಿವಿ ಮಾತ್ರ ಕಣ್ಣುಮುಚ್ಚಿ ಕೂತಿದ್ದ. "ಇನ್ನೊಂದ್ಸಲ ಹಾಡಮ್ಮ" ಎಂದ. ಅವಳು ಹಾಡಿದಳು. "ಮೇಲಿನ ಸ್ವರಕ್ಕೆ ಹೋದಾಗಲೇ ತುಂಡಾಗುತ್ತೆ. ಕೆಳಗೆ ಬಂದ್ರೆ ಸರಿಹೋಗುತ್ತೆ. ಮೈಕಿಗೆ ಯಾವಾಗಿಂದ ಸ್ವರಜ್ಞಾನ ಬಂತು?" ಎಂದು ಎದ್ದು ರಂಗದ ಮೇಲಕ್ಕೆ ಹೋದ. ಅವಳ ಕೈಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದ. ನೋಡಿದವನೇ ಅಲ್ಲೇ ಕೂತು ತೊಡೆ ತಟ್ಟಿಕೊಂಡು ನಗತೊಡಗಿದ.

ಅವಳು ಮೈಕಿನ ಬಾಲವನ್ನು ಮುಷ್ಟಿಯಲ್ಲಿ ಅವಚಿ ಹಿಡಿದಿದ್ದಳು. ದನಿ ಗಾಳಿಗೆ ಹೋಗುವುದು ಆ ಬಾಲದಿಂದಲೇ. ಮೇಲಿನ ಸ್ವರಕ್ಕೆ ಹೋದಾಗ ಮುಷ್ಟಿ ಇನ್ನಷ್ಟು ಬಿಗಿಯುತ್ತಿತ್ತು, ದನಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಮೂರು ಸೆಟ್ಟುಗಳದ್ದೂ ತಪ್ಪಿಲ್ಲ.

"ಹಾಗ್ಯಾಕೆ ಹಿಡ್ಕೊಂಡೆ?" ಎಂದ ಕಿವಿ.

"ಅತ್ತಿಗೆ ಹಾಗೇ ತಾನೇ ಹಿಡಿಯೋದು?" ಎಂದಳು ನಾದಿನಿ.

ಹೌದು, ನಾನು ಹಾಗೇ ಹಿಡಿಯುವುದು. ನಮ್ಮ ಹಳೆಯ ಮೈಕಿನ ಬಾಲದಲ್ಲಿ ವೈರು ಸಡಿಲ. ಮುಷ್ಟಿಯಲ್ಲಿ ಒತ್ತಿಹಿಡಿಯದಿದ್ದರೆ ಅದು ಚರ್ ಎನ್ನುತ್ತಿತ್ತು. ರಿಪೇರಿ ಮಾಡಿಸುವ ಬದಲು ನಾನು ಕೈಯನ್ನೇ ರಿಪೇರಿ ಮಾಡಿಕೊಂಡಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರ ಜೇಬಿನಿಂದ ಆ ಒಂದೂವರೆ ಪುಟ ಕಸಿದು ಹರಿದುಹಾಕಿದೆ. ಅದನ್ನು ಕೊಡದೆ ಇಟ್ಟುಕೊಂಡ ಪುಣ್ಯಾತ್ಮನಿಗೆ ಒಂದು ನಮಸ್ಕಾರ.

ಜೂನ್ 13

ಅವಳು ಬಾಲ ಹಿಡಿದದ್ದು ತಲೆಯಿಂದ ಹೋಗುತ್ತಿಲ್ಲ. ನನ್ನ ತಪ್ಪನ್ನು ಕೂಡ ಇಷ್ಟು ಶ್ರದ್ಧೆಯಿಂದ ಕಲಿತವರು ಇನ್ನಾರಿದ್ದಾರೆ? ನಾನು ಅವಳನ್ನು ಕೂರಿಸಿಕೊಂಡು ಏನನ್ನೂ ಹೇಳಿಕೊಟ್ಟದ್ದಿಲ್ಲ. ಹಿಂದೆ ನಿಂತು ನೋಡಿಯೇ ಕಲಿತಿದ್ದಾಳೆ. ನಾನು ಹಿಂದೆ ತಿರುಗಿ ನೋಡಿದ್ದರೆ ತಾನೆ.

ಜೂನ್ 16

ಡಾಕ್ಟರಮ್ಮ ಒಳಗೆ ದೀಪ ಹಾಕಿ ನೋಡಿ, ಗಾಯ ಚೆನ್ನಾಗಿ ಮಾಗಿದೆ ಎಂದರು. ಇಂದಿನಿಂದ ದಿನಕ್ಕೆ ಐದು ನಿಮಿಷ ಮಾತು. ಹಾಡು ಇನ್ನೊಂದು ತಿಂಗಳು ಬೇಡ. ಅವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ. "ಅಯ್ಯೋ, ಕೈ ತೊಳ್ಕೊಂಡಿಲ್ಲ ನಾನು" ಎಂದರು.

ಮನೆಗೆ ಬಂದಾಗ ಇವರು ನನ್ನ ಮೊದಲ ಮಾತಿಗೆಂದು ಎದುರು ಕುರ್ಚಿ ಹಾಕಿಕೊಂಡು ಕೂತರು. ಏನೇನೋ ಹೇಳಬೇಕೆಂದು ಯೋಚಿಸಿಟ್ಟಿದ್ದೆ. ಅಷ್ಟರಲ್ಲಿ ಇವರ ಹಣೆಯ ಮೇಲೆ ಒಂದು ಸೊಳ್ಳೆ ಕೂತಿತು.

"ಸೊಳ್ಳೆ" ಎಂದೆ.

ಇವರು ಸೊಳ್ಳೆ ಹೊಡೆಯಲಿಲ್ಲ. ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಇವರು ಅತ್ತದ್ದನ್ನು ಇದೇ ಮೊದಲು ನೋಡಿದ್ದು. ನಾನು ಎಷ್ಟು ಅದೃಷ್ಟವಂತೆ.

ಜೂನ್ 19

ಮೂರೂ ಸೆಟ್ಟುಗಳನ್ನು ಮತ್ತೆ ತರಿಸಿದೆವು. ಕಿವಿ ಪ್ರತಿ ಮೈಕಿನ ಸೊಂಟಕ್ಕೆ ಹಳದಿ ಟೇಪು ಸುತ್ತಿ, "ಇಲ್ಲಿ ಬಿಟ್ಟು ಬೇರೆಲ್ಲಾದ್ರೂ ಕೈ ಹೋದ್ರೆ ಬೆರಳಿಗೆ ಹೊಡೀತೀನಿ" ಎಂದ.

ನಾದಿನಿ ಮೊದಲು ನನ್ನ ಹಾಡನ್ನೇ ಹಾಡಿದಳು. ಚೆನ್ನಾಗಿಯೇ ಇತ್ತು, ಆದರೆ ಗಂಟಲು ಹಿಗ್ಗಿಸಿ ನನ್ನ ಹಾಗೆ ಕೂಗಲು ಹೋಗುತ್ತಾಳೆ. ಬೇರೇನಾದರೂ ಹಾಡಲಿ ಎಂದು ಚೀಟಿ ಕಳಿಸಿದೆ. "ನಂದು ಅಂತ ಯಾವುದೂ ಇಲ್ವಲ್ಲ ಅತ್ತಿಗೆ" ಎಂದಳು. ಬಟ್ಟೆ ಇಸ್ತ್ರಿ ಮಾಡುವಾಗ ಏನೋ ಗೊಣಗುತ್ತೀಯಲ್ಲ, ಅದು, ಎಂದು ಇನ್ನೊಂದು ಚೀಟಿ. ಕೆನ್ನೆ ಕೆಂಪು ಮಾಡಿಕೊಂಡು ಶುರುಮಾಡಿದಳು:

ಮಡಿಕೆ ಮಡಿಕೆ ಬಿಚ್ಚಿಕೋ, ಬೆಚ್ಚಗೆ ಸ್ವಲ್ಪ ಮಲಗಿಕೋ,
ನಾಳೆ ರಾಣಿಯಾಗೋ ಬಟ್ಟೆ, ಇವತ್ತು ನನ್ನ ಮಾತು ಕೇಳು.

ಇಷ್ಟೇ ಹಾಡು. ಇಸ್ತ್ರಿ ಪೆಟ್ಟಿಗೆ ಹೋಗಿ ಬರುವ ತಾಳ. ಮೂರೂ ಮೈಕಿನಲ್ಲಿ ಹಾಡಿಸಿದೆ, ಗುರುತು ಹಾಕಿಕೊಂಡೆ.

ಒಂದನೆಯದು: 'ಸ' ಬಂದಲ್ಲೆಲ್ಲ ಹಾವು ಬುಸುಗುಟ್ಟಿದಂತೆ. ಅವಳ ದನಿ ಮೊದಲೇ ತೆಳು, ಇದು ಇನ್ನೂ ಹರಿತ ಮಾಡುತ್ತದೆ. ಎರಡನೆಯದು: ಗಟ್ಟಿ, ಖಡಕ್, ಆದರೆ ಅವಳು ಮೆಲ್ಲಗೆ ಹಾಡಿದಾಗ ಆ ಮೆಲ್ಲಗಿರುವುದೇ ಕಾಣೆಯಾಗುತ್ತದೆ. ಮೂರನೆಯದು: ಮೇಲಿನ ಸ್ವರದ ಅಂಚು ಮೆತ್ತಗಾಗುತ್ತದೆ, ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ. ಮೈ ಹಗುರ, ಅವಳ ಸಣ್ಣ ಕೈಗೆ ಸರಿ. ಸ್ವಿಚ್ಚು ಹೆಬ್ಬೆರಳಿಗೆ ಅಕಸ್ಮಾತ್ ತಾಗುವ ಕಡೆ ಇಲ್ಲ.

ಅಷ್ಟು ಹೊತ್ತೂ ನಾನು ಚುಚ್ಚುವ ಸ್ಪ್ರಿಂಗಿನ ಮೇಲೇ ಕೂತಿದ್ದೆನೆಂದು ಮೂರನೆಯದರಲ್ಲಿ ಅವಳು ಹಾಡಿ ನಿಲ್ಲಿಸಿದ ಮೇಲೆಯೇ ಗೊತ್ತಾಯಿತು.

ಜೂನ್ 24

ಮೂರನೆಯದನ್ನೇ ತರಿಸಲು ಹೇಳಿದೆವು. ಕಿವಿ ನನ್ನನ್ನು ಎರಡು ಸಲ ಕೇಳಿದ, "ಇದೇನಾ ಅಕ್ಕ? ಗ್ಯಾರಂಟಿ?" ಇದೇ ಎಂದೆ. ಐದು ನಿಮಿಷದಲ್ಲಿ ಅರ್ಧ ನಿಮಿಷ ಅವನಿಗೇ ಹೋಯಿತು. ನನ್ನ ಮೈಕು ಬರುತ್ತದೆ! ಸಣ್ಣ ಹುಡುಗಿಯ ಹಾಗೆ ಖುಷಿಯಾಗುತ್ತಿದೆ.

ಜುಲೈ 15

ಮೈಕು ಬಂತು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಬಾಲ ಇಲ್ದಿರೋ ಇಲಿ ಇದ್ದಂಗಿದೆ" ಎಂದರು.

ಜುಲೈ 17

ಇಂದು ಹಾಡಲು ಅಪ್ಪಣೆ ಸಿಕ್ಕಿತು. ಡಾಕ್ಟರಮ್ಮ ನೇರವಾಗಿಯೇ ಹೇಳಿದರು: "ದನಿ ಆರೋಗ್ಯವಾಗಿದೆ. ಆದ್ರೆ ಹಳೇ ಎತ್ತರ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲ. ಬಲವಂತ ಮಾಡಿದ್ರೆ ಇರೋದೂ ಹೋಗುತ್ತೆ." ಸುಳ್ಳು ಸಮಾಧಾನ ಹೇಳದ ಡಾಕ್ಟರು ಸಿಕ್ಕಿದ್ದೂ ಭಾಗ್ಯವೇ. ರಂಗಮಂದಿರಕ್ಕೆ ಬರುವವರೆಗೂ ಹಾಗೆಯೇ ಅಂದುಕೊಂಡಿದ್ದೆ.

ರಂಗದ ಮೇಲೆ ನಿಂತು ಹಳದಿ ಟೇಪಿನ ಮೇಲೆ ಕೈಯಿಟ್ಟು ಹಾಡಿದೆ. ದನಿ ಕೆಳಗಿನ ಸ್ವರಗಳಲ್ಲಿ ಬಂತು, ಸ್ವಲ್ಪ ಒರಟು, ಆದರೂ ಬಂತು. ಮೇಲಿನ ಮೂರು ಸ್ವರ ಇಲ್ಲ. ಮೆಟ್ಟಿಲು ಇದೆಯೆಂದು ಕಾಲಿಟ್ಟರೆ ಇಲ್ಲದ ಹಾಗೆ. ಇದ್ದಷ್ಟು ದನಿಯೂ ಸ್ಪೀಕರಿನಿಂದ ಕಂಬಳಿ ಹೊದ್ದುಕೊಂಡು ಬರುತ್ತಿತ್ತು. ಕಿವಿ ಗುಂಡಿಗಳನ್ನು ಅತ್ತ ಇತ್ತ ತಿರುಗಿಸಿದ, ಕಂಬಳಿ ಸರಿಯಲಿಲ್ಲ.

"ಮೈಕು ಕೆಟ್ಟಿದೆಯಾ?" ಎಂದೆ.

"ಮೈಕು ಚೆನ್ನಾಗಿದೆ ಅಕ್ಕ. ಇದು ತೆಳು ದನಿಗೆ ಹೇಳಿ ಮಾಡ್ಸಿದ್ದು. ನಿಂಗೆ ಆಗಿದ್ರೆ ನಾನು ಎರಡನೇದು ತರ್ತಿದ್ದೆ."

"ಮತ್ತೆ ಆಗ್ಲೇ ಹೇಳ್ಬಾರ್ದಿತ್ತಾ?"

"ಎರಡು ಸಲ ಕೇಳಿದ್ನಲ್ಲ ಅಕ್ಕ. ನೀನು ಅವಳನ್ನ ಕೇಳ್ತಾ ಬರ್ಕೋತಿದ್ದೆ. ಗೊತ್ತಿದ್ದೇ ಆರಿಸ್ತಿದೀಯ ಅಂದ್ಕೊಂಡೆ."

ನಾದಿನಿ ಪರದೆಯ ಪಕ್ಕದಲ್ಲಿ ನಿಂತಿದ್ದಳು. ಅವಳ ಮುಖ ನೋಡದೆ ಮನೆಗೆ ಬಂದೆ.

ಜುಲೈ 18

ಬರೆಯಲು ಮನಸ್ಸಿಲ್ಲ.

ಜುಲೈ 20

ಎರಡು ದಿನ ಎಲ್ಲರ ಮೇಲೂ ಹರಿಹಾಯ್ದೆ, ಚೀಟಿಯಲ್ಲಿ, ಬಾಯಲ್ಲಿ. ಇವರಿಗೆ, ಕಿವಿಗೆ, ಬಿಸಿನೀರು ಆರಿತೆಂದು ಅತ್ತೆಗೆ ಕೂಡ. ಅತ್ತೆ ಕೆಳಗಿಳಿದು ಹೋಗಿ ನೀರನ್ನು ಮತ್ತೆ ಕಾಯಿಸಿ ತಂದರು. ಅದೇ ಹೆಚ್ಚು ಚುಚ್ಚಿತು.

ಬೆಳಿಗ್ಗೆ ಕಿವಿ ಬಂದು ಮೈಕಿನ ತಲೆಯನ್ನು ತಿರುಪಿ ಬಿಚ್ಚಿ ತೋರಿಸಿದ. "ಇದನ್ನ ಬದಲಾಯಿಸ್ಬೋದು ಅಕ್ಕ. ನಿನ್ನ ದನಿಗೆ ಹೊಂದೋ ತಲೆ ಅಂಗಡೀಲಿದೆ. ಹಾಡುಗಳನ್ನ ಮೂರು ಸ್ವರ ಕೆಳಗಿಳ್ಸಿದ್ರೆ ಒಂಬತ್ತನೇ ತಾರೀಕು ನೀನೇ ಹಾಡ್ಬೋದು. ಹೂಂ ಅನ್ನು, ಸಂಜೆ ತರ್ತೀನಿ."

ಇಷ್ಟು ಸುಲಭವಿದೆಯೆಂದು ಗೊತ್ತಿರಲಿಲ್ಲ. ಹೂಂ ಎನ್ನಲು ಬಾಯಿ ತೆರೆದೆ. ಒಳಕೋಣೆಯಲ್ಲಿ ಅವಳು ಇಸ್ತ್ರಿ ಮಾಡುತ್ತಿದ್ದಳು. ದಿನವೂ ಗೊಣಗುತ್ತಿದ್ದವಳು ಇಂದು ಗೊಣಗುತ್ತಿರಲಿಲ್ಲ. ಪೆಟ್ಟಿಗೆ ಮೇಜಿಗೆ ತಾಗುವ ಸದ್ದು ಮಾತ್ರ. ನನಗೆ ಕೇಳಿಸಬಾರದೆಂದು ಬಾಯಿ ಮುಚ್ಚಿಕೊಂಡಿದ್ದಾಳೆ ಎಂದು ಹೊಳೆಯಿತು. ನಾನು ಡಾಕ್ಟರು ಹೇಳಿದರೆಂದು ಸುಮ್ಮನಿದ್ದೆ. ಇವಳಿಗೆ ಯಾರು ಹೇಳಿದರು?

"ತಲೆ ಹಾಗೇ ಇರ್ಲಿ" ಎಂದೆ ಕಿವಿಗೆ. "ಕೊರಳು ಬದಲಾಯ್ಸೋಣ."

ಜುಲೈ 21

ನಾದಿನಿ ಒಪ್ಪುತ್ತಿಲ್ಲ. "ಜನ ನಿಮ್ಮನ್ನ ಕೇಳೋಕೆ ಬರೋದು ಅತ್ತಿಗೆ. ನಾನು ಬಂದು ನಿಂತ್ರೆ ಎದ್ದು ಹೋಗ್ತಾರೆ" ಎಂದು ಹೊಲಿಗೆ ಯಂತ್ರದ ಹಿಂದೆ ಬಚ್ಚಿಟ್ಟುಕೊಂಡಳು. ಅತ್ತೆಗೆ ಹೇಗೆ ಕೇಳಿಸಿತೋ, "ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಈಗ ಗಿಡಾನೇ ನಾನು ಮದ್ದಲ್ಲ ಅಂತಿದೆ ನೋಡು!" ಎಂದರು.

"ನಾನೆಲ್ಲೂ ಹೋಗಲ್ಲ. ಕೋರಸ್ ಮೈಕಿನ ಹತ್ರ ನಿಂತಿರ್ತೀನಿ" ಎಂದೆ.

"ನೀವು? ನನ್ನ ಜಾಗದಲ್ಲಾ?"

"ಯಾಕೆ, ನೀನು ನಿಂತು ಸವೆದು ಹೋಗಿದ್ಯಾ ಅದು?"

ಅವಳು ನಕ್ಕಳು, ಅತ್ತಳು, ಮೂಗೊರೆಸಿಕೊಂಡು ಮತ್ತೆ ಇಸ್ತ್ರಿಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗೊಣಗು ಕೇಳಿಸಿತು.

ಆಗಸ್ಟ್ 3

ಹನ್ನೊಂದು ಹಾಡನ್ನೂ ಅವಳ ದನಿಗೆ ತಕ್ಕಂತೆ ಇವರು ಬದಲಿಸಿದ್ದಾರೆ. ಅವಳ ಕೈ ಟೇಪಿನಿಂದ ಜಾರುವುದಿಲ್ಲ. ನನ್ನ ಕೋರಸ್ ಸಾಲುಗಳೇ ನನಗೆ ಬಾಯಿಪಾಠವಾಗುತ್ತಿಲ್ಲ! ಇಷ್ಟು ಕಷ್ಟವೆಂದು ಯಾರಿಗೆ ಗೊತ್ತಿತ್ತು. ಎಲ್ಲಿ ಸೇರಬೇಕು, ಎಲ್ಲಿ ಹಿಂದೆ ಸರಿಯಬೇಕು, ತಲೆ ಕೆಟ್ಟುಹೋಗುತ್ತದೆ.

ಆಗಸ್ಟ್ 10

ನಿನ್ನೆ ಮೊದಲ ಪ್ರದರ್ಶನ ಮುಗಿಯಿತು. ಮುನ್ನೂರು ಕುರ್ಚಿಯೂ ತುಂಬಿತ್ತು. ಪರದೆ ಎದ್ದು ನನ್ನ ಬದಲು ಅವಳು ಬೆಳಕಿಗೆ ಬಂದಾಗ ಒಂದು ಗುಸುಗುಸು ಎದ್ದಿತು. ನಾನು ಪಕ್ಕದ ಕತ್ತಲಲ್ಲಿ, ವೈರಿನ ಮೈಕಿನ ಮುಂದೆ ನಿಂತಿದ್ದೆ. ಸುಳ್ಳು ಏಕೆ ಹೇಳಲಿ, ಆ ಕ್ಷಣ ಹೊಟ್ಟೆಯಲ್ಲಿ ಕಿಚ್ಚು ಎದ್ದಿತು. ಅವಳು ಹಾಡಿನ ಎರಡನೇ ಸಾಲಿಗೆ ಬರುವಷ್ಟರಲ್ಲಿ ಗುಸುಗುಸು ನಿಂತಿತು. ನಾಲ್ಕನೇ ಸಾಲಿಗೆ ನನ್ನ ಕಿಚ್ಚೂ ಆರಿತ್ತು. ಆ ಮೈಕಿನಲ್ಲಿ ಅವಳ ಉಸಿರು ಕೂಡ ಪ್ರತಿಯೊಬ್ಬರ ಪಕ್ಕ ಕೂತಂತಿತ್ತು.

ಆರನೇ ಹಾಡಿನಲ್ಲಿ ಅವಳು ಮೆಟ್ಟಿಲಿಳಿದು ಜನರ ನಡುವೆ ನಡೆಯಬೇಕು. ಹಾಡಿನ ಕೊನೆಯ ಸಾಲು ಉದ್ದ, ಕೆಳಗಿಳಿದು ನಿಲ್ಲುವಂಥದ್ದು. ಮೂರನೇ ಮೆಟ್ಟಿಲಿನಲ್ಲಿ ಅವಳ ಭುಜ ಮೇಲೆದ್ದದ್ದು ಕಂಡೆ. ಉಸಿರು ಮುಗಿಯಿತು ಎಂದು ನನ್ನ ಮೈಗೆ ಮೊದಲು ತಿಳಿಯಿತು, ತಲೆಗೆ ಆಮೇಲೆ. ಅವಳ ಸ್ವರ ನಿಲ್ಲುವಲ್ಲಿ ನನ್ನ ಸ್ವರ ಹೊರಟಿತ್ತು. ಆ ಕೆಳಗಿನ ಸ್ವರ ನನ್ನ ಈಗಿನ ದನಿಗೆ ಹಿಡಿಸುವಂಥದ್ದೇ. ಕಿವಿಯ ಬೆರಳು ಆಗಲೇ ನನ್ನ ಮೈಕಿನ ಗುಂಡಿಯ ಮೇಲಿತ್ತು. ಅವಳು ಒಮ್ಮೆ ಉಸಿರು ಎಳೆದುಕೊಂಡು ಸಾಲನ್ನು ನನ್ನಿಂದ ವಾಪಸ್ ತೆಗೆದುಕೊಂಡು ಮುಗಿಸಿದಳು. ಚಪ್ಪಾಳೆ. ಎರಡು ದನಿಯೆಂದು ಒಬ್ಬರಿಗೂ ತಿಳಿಯಲಿಲ್ಲ.

ಆಮೇಲೆ ಹೊಳೆಯಿತು. ಅವಳು ಬೆಚ್ಚಲಿಲ್ಲ. ನಾನು ಹಿಡಿಯುತ್ತೇನೆಂದು ಗೊತ್ತಿದ್ದಂತೆ ಬಿಟ್ಟಳು, ಗೊತ್ತಿದ್ದಂತೆ ತೆಗೆದುಕೊಂಡಳು. ಕಿವಿಯೂ ತಡಕಾಡಲಿಲ್ಲ. ಈ ಕೆಲಸ ಅವರಿಬ್ಬರಿಗೂ ಹೊಸದಲ್ಲ. ಹೊಸದು ನನಗೊಬ್ಬಳಿಗೆ.

ನಾಟಕ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ತನ್ನ ಉಡುಪನ್ನು ತಾನೇ ಮಡಿಸುತ್ತಿದ್ದಳು. ಹಾಡಿದ ದಿನ ಹೆಚ್ಚು ಮಾತು ಬೇಡ ಎಂದಿದ್ದರು ಡಾಕ್ಟರಮ್ಮ. ಆದರೂ ಕೇಳಿದೆ.

"ಹದಿನೆಂಟು ವರ್ಷದಲ್ಲಿ ನನಗೆ ಹಾಗೆ ಎಷ್ಟು ಸಲ ಹಿಡಿದಿದ್ಯ?"

ಅವಳಿಗೆ ತಕ್ಷಣ ಅರ್ಥವಾಯಿತು. ತಲೆ ತಗ್ಗಿಸಿ ತೋಳಿನ ಮಡಿಕೆ ಸರಿಮಾಡಿದಳು. "ಉಸಿರು ಯಾರಾದ್ರೂ ಎಣಿಸ್ತಾರಾ ಅತ್ತಿಗೆ?"

"ಹೇಳ್ಬಾರ್ದಿತ್ತಾ ನಂಗೆ?"

"ಹೇಳಿದ್ರೆ ನೀವು ಅಲ್ಲಿ ಹೆದರ್ಕೊಂಡು ಹಾಡ್ತಿದ್ರಿ."

ನನ್ನ ಉಸಿರು ಎಷ್ಟು ಉದ್ದ ಎಂದು ಊರೆಲ್ಲ ಹೊಗಳುತ್ತಿತ್ತು. ನಾನೂ ನಂಬಿದ್ದೆ. ಮನೆಯವರಿಗೆ ಯಾರು ಥ್ಯಾಂಕ್ಸ್ ಹೇಳುತ್ತಾರೆ. ಹೇಳಿದರೆ ಅವಳು ನಗುತ್ತಿದ್ದಳು. ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ಉಳಿದದ್ದನ್ನು ನಾನು ಮಡಿಸಿದೆ. ಅವಳು ಸುಮ್ಮನೆ ಪಕ್ಕದಲ್ಲಿ ಕೂತಳು.

ಇಂದು ಸಂಜೆ ಎರಡನೇ ಪ್ರದರ್ಶನ. ಆರನೇ ಹಾಡಿನ ಕೊನೆಯ ಸಾಲಿಗೆ ನನ್ನ ಪುಸ್ತಕದಲ್ಲಿ ಕೆಂಪು ಗೆರೆ ಎಳೆದುಕೊಂಡಿದ್ದೇನೆ. ಅವಳು ಮೊದಲನೇ ಮೆಟ್ಟಿಲಿಗೆ ಕಾಲಿಡುವಾಗಲೇ ನಾನು ಉಸಿರು ತುಂಬಿಕೊಂಡು ನಿಂತಿರಬೇಕು.